ಹಳದಿ ಗೇಮ್ ಡಬ್ಬಿಗೆ ಇನ್ನೊಂಚೂರು

ಆ ಬೀದಿಯಲ್ಲಿ ಯಾವ ಗಂಡಸಿಗೂ ವಯಸ್ಸಾಗುವುದಿಲ್ಲ. ಮೊಣಕಾಲು ಹೋಗಿರುತ್ತದೆ, ಹಲ್ಲು ಉದುರಿರುತ್ತವೆ, ಕಿವಿ ಮಂದವಾಗಿರುತ್ತದೆ, ತಲೆ ಮಾತ್ರ ಇದ್ದಿಲಿನಷ್ಟು ಕಪ್ಪು. ಸಂಜೆ ಅಜ್ಜಂದಿರೆಲ್ಲ ಬಸ್ ಸ್ಟಾಪಿನ ಬೆಂಚಿನ ಮೇಲೆ ಸಾಲಾಗಿ ಕುಳಿತರೆ, ಹಿಂದಿನಿಂದ ನೋಡಿದವರು ಕಾಲೇಜು ಹುಡುಗರು ಎಂದುಕೊಳ್ಳಬೇಕು. ಎದ್ದು ನಿಲ್ಲಲು ಅವರು ಪಡುವ ಪಾಡು ಕಂಡಮೇಲೆಯೇ ನಿಜ ತಿಳಿಯುವುದು. ಇದೆಲ್ಲ ಬೀದಿಯ ತಿರುವಿನಲ್ಲಿ ಸಲೂನ್ ಇಟ್ಟುಕೊಂಡಿರುವ ಪುಣ್ಯಾತ್ಮನ ಕೈಚಳಕ.

ಬೀದಿಯವರು ಅವನಿಗೆ ಇಟ್ಟ ಹೆಸರು ಇನ್ನೊಂಚೂರು. ಕುರ್ಚಿಯಲ್ಲಿ ಕುಳಿತವನು "ಸ್ವಲ್ಪ ಟ್ರಿಮ್ ಮಾಡಿ, ಸಾಕು" ಎಂದರೆ ಮೊದಲು ಅಷ್ಟೇ ಮಾಡುತ್ತಾನೆ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಕತ್ತು ವಾಲಿಸಿ, ಕಣ್ಣು ಕಿರಿದು ಮಾಡಿ, "ಇನ್ನೊಂಚೂರು ತೆಗೀಲಾ ಸಾರ್?" ಎನ್ನುತ್ತಾನೆ. ಅದೇನು ಪ್ರಶ್ನೆಯಲ್ಲ. ಉತ್ತರ ಬರುವ ಮೊದಲೇ ಕತ್ತರಿ ಕೆಲಸ ಮುಗಿಸಿರುತ್ತದೆ. ಮೀಸೆ ಸರಿಮಾಡಿಸಲು ಬಂದವರು ಮೀಸೆಯೇ ಇಲ್ಲದೆ ಮನೆಗೆ ಹೋಗಿದ್ದಾರೆ. ಜಗಳಕ್ಕೆ ನಿಂತರೆ, "ನಿಮ್ ಮುಖಕ್ಕೆ ಏನ್ ಒಪ್ಪುತ್ತೆ ಅಂತ ನಿಮಗೆ ಹೇಗೆ ಕಾಣ್ಬೇಕು ಹೇಳಿ? ಮುಖ ನಿಮ್ದು ಸರಿ, ನೋಡೋ ಕಣ್ಣು ನಂದಲ್ವಾ?" ಎಂದು ಪೌಡರ್ ಹಚ್ಚಿ ಕಳಿಸುತ್ತಾನೆ. ಜನ ಬೈದುಕೊಂಡು ಹೋಗುತ್ತಾರೆ, ಮುಂದಿನ ತಿಂಗಳು ಮತ್ತೆ ಬರುತ್ತಾರೆ. ಬೇರೆ ಸಲೂನಿಗೆ ಹೋಗಬೇಕಾದರೆ ದೊಡ್ಡ ರಸ್ತೆ ದಾಟಬೇಕಲ್ಲ, ಅದಕ್ಕೆ.

ಇಷ್ಟು ತಲೆಗಳನ್ನು ಪಳಗಿಸಿದವನ ಕೈಗೆ ಸಿಗದೆ ಉಳಿದಿದ್ದು ಒಂದೇ ಒಂದು ತಲೆ, ಕಟ್ಟಿಕೊಂಡ ಹೆಂಡತಿಯದು. ಆಕೆ ಸಿಟಿ ಬಸ್ಸಿನ ಡ್ರೈವರ್. ಭುಜ ಮುಟ್ಟುವ ದಟ್ಟ ಕೂದಲು, ಅರ್ಧಕ್ಕರ್ಧ ಬಿಳಿ. ಕತ್ತರಿಸಬೇಕು ಅನ್ನಿಸಿದಾಗ ಆಕೆ ಗಂಡನ ಅಂಗಡಿಯ ಮುಂದೆಯೇ ಹಾದು, ದೊಡ್ಡ ರಸ್ತೆ ದಾಟಿ, ಆ ಕಡೆಯ ಪಾರ್ಲರಿಗೆ ಹೋಗುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಇಲ್ಲಿ ಹಿತ್ತಲ ಗಿಡವೇ ಕತ್ತರಿ ಬಾಚಣಿಗೆ ಹಿಡಿದು ಆಕೆಯ ಹಿಂದೆ ಓಡಾಡುತ್ತಿತ್ತು, ಆದರೂ ಆಕೆ ತಿರುಗಿ ನೋಡುತ್ತಿರಲಿಲ್ಲ.

"ಅಲ್ಲಯ್ಯಾ ಇನ್ನೊಂಚೂರು," ಎಂದು ಮೇಷ್ಟ್ರು ದಿನಾ ಕೆಣಕುತ್ತಿದ್ದರು, "ಮನೆಯವಳೇ ನಂಬದ ಕೈಗೆ ಊರಿನವರೆಲ್ಲ ಕುತ್ತಿಗೆ ಕೊಟ್ಟು ಕೂತಿದ್ದಾರಲ್ಲ, ಇವರ ಧೈರ್ಯ ಮೆಚ್ಚಬೇಕು ಕಣೋ!" ನಿವೃತ್ತರಾದ ಈ ಮೇಷ್ಟ್ರ ತಲೆಯಲ್ಲಿ ಒಂದು ಎಳೆ ಕೂದಲೂ ಇರಲಿಲ್ಲ. ಬಿಟ್ಟಿ ಪೇಪರ್ ಓದಲು ಸಲೂನಿಗೆ ಬರುತ್ತಿದ್ದರು. ಇನ್ನೊಂಚೂರು ಎಲ್ಲರ ಜೊತೆ ನಗುತ್ತಿದ್ದ. ಒಳಗೊಳಗೇ ಆ ಮಾತು ಅವನಿಗೆ ಚುಚ್ಚುತ್ತಿತ್ತು. ಒಂದು ಸಲ, ಒಂದೇ ಸಲ ಅವಳು ಬಂದು ಈ ಕುರ್ಚಿಯಲ್ಲಿ ಕುಳಿತರೆ ಸಾಕು, ಜನ್ಮ ಸಾರ್ಥಕ ಎಂದು ಅವನಿಗೆ ಅನ್ನಿಸುತ್ತಿತ್ತು.

ಆ ಮನೆಯಲ್ಲಿ ಅವನ ಮಾತು ಕೇಳದೆ ಮುಪ್ಪಾಗುತ್ತಿದ್ದ ವಸ್ತು ಇನ್ನೊಂದಿತ್ತು. ಟಿವಿ ಕೆಳಗಿದ್ದ, ಟಿವಿಗೆ ಜೋಡಿಸಿ ವಿಡಿಯೋ ಆಟ ಆಡುವ ಗೇಮ್ ಡಬ್ಬಿ. ಮದುವೆಗೆ ಮುಂಚೆ ಹೆಂಡತಿ ಕೊಂಡದ್ದು. ಹೊಸದರಲ್ಲಿ ಹಾಲಿನಂತೆ ಬೆಳ್ಳಗಿತ್ತಂತೆ, ಈಗ ಅದರ ಪ್ಲಾಸ್ಟಿಕ್ ಹಳದಿಗೆ ತಿರುಗಿ, ಬೀಡಿ ಸೇದುವವನ ಹಲ್ಲಿನ ಬಣ್ಣಕ್ಕೆ ಬಂದಿತ್ತು. ದಿನವಿಡೀ ಬಸ್ ಓಡಿಸಿ ಬಂದವಳು ಯೂನಿಫಾರ್ಮ್ ಕೂಡ ಬದಲಿಸದೆ ಅದರ ಮುಂದೆ ಕುಳಿತು ಕಾರು ರೇಸ್ ಆಡುತ್ತಿದ್ದಳು. "ಹೊರಗೆ ನನ್ನ ಕಾಲು ಬ್ರೇಕ್ ಮೇಲೇ ಇರುತ್ತೆ. ಇಲ್ಲಿ ಹತ್ತೋರಿಲ್ಲ, ಇಳಿಯೋರಿಲ್ಲ, ಚಿಲ್ಲರೆ ಕೇಳೋರಿಲ್ಲ," ಎನ್ನುತ್ತಿದ್ದಳು. ಆ ಅರ್ಧ ಗಂಟೆ ಆಕೆಯನ್ನು ಮಾತಾಡಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಡಬ್ಬಿಯ ಹಳದಿ ಅವನ ಕಣ್ಣಿಗೆ ಕಸವಾಗಿತ್ತು. ಒಮ್ಮೆ ಕೇಳಿಯೂ ಇದ್ದ. "ಇದಕ್ಕೇನಾದ್ರೂ ಮಾಡೋಣ್ವೇನೇ?"

"ಏನೂ ಬೇಡ ರೀ. ಅದರ ಪಾಡಿಗೆ ಅದಿರ್ಲಿ."

ಈ ಮಾತನ್ನು ನಾವು ನೀವು ಕೇಳಿದ್ದರೆ 'ಬೇಡ' ಎಂದು ಅರ್ಥಮಾಡಿಕೊಳ್ಳುತ್ತಿದ್ದೆವು. ಇವನಿಗೆ ಅದು ಗಿರಾಕಿಗಳ 'ಸ್ವಲ್ಪ ಸಾಕು' ಇದ್ದ ಹಾಗೆ ಕೇಳಿಸಿತು.

ಹೀಗಿರುವಾಗ ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಅವನ ಫೋನಿನಲ್ಲಿ ಒಂದು ವಿಡಿಯೋ ಬಂತು. ಯಾರೋ ಒಬ್ಬ ಇಂಥದ್ದೇ ಹಳದಿ ಡಬ್ಬಿಯ ಕವಚ ಬಿಚ್ಚಿ, ಅದಕ್ಕೆ ಬಿಳಿ ಕ್ರೀಮ್ ಬಳಿಯುತ್ತಿದ್ದ. ಯಾವ ಕ್ರೀಮ್? ಕೂದಲಿನ ಬಣ್ಣ ತೆಗೆಯುವ ಪೆರಾಕ್ಸೈಡ್ ಕ್ರೀಮ್! ಇನ್ನೊಂಚೂರು ಕುಳಿತಲ್ಲಿಂದ ಜಿಗಿದೆದ್ದ. ಆ ಕ್ರೀಮಿನ ಡಬ್ಬ ಅವನ ಶೆಲ್ಫಿನಲ್ಲೇ, ಬಾಚಣಿಗೆಗಳ ಪಕ್ಕದಲ್ಲೇ ಇತ್ತು.

"ನೋಡಿದ್ರಾ ಮೇಷ್ಟ್ರೇ! ಇದು ನನ್ ವಿದ್ಯೆ! ಡಬ್ಬೀನ ಬೆಳ್ಳಗೆ ಮಾಡಿ ಮುಂದೆ ಇಡ್ತೀನಿ. ಅವಳೇ ಬಂದು ತಲೆ ಕೊಡದಿದ್ರೆ ಕೇಳಿ."

"ವಿಡಿಯೋ ಪೂರ್ತಿ ನೋಡಯ್ಯಾ ಮೊದಲು."

"ನನಗೆ ಕ್ರೀಮ್ ಹಚ್ಚೋದು ಕಲಿಸ್ತಾನಾ ಅವನು?" ಎಂದು ಫೋನನ್ನು ಜೇಬಿಗೆ ತುರುಕಿದ.

ಅಂಗಡಿ ರಜೆಯ ದಿನ ಹೆಂಡತಿ ಬೆಳಗಿನ ಪಾಳಿಗೆ ಹೋದದ್ದೇ ತಡ, ಡಬ್ಬಿಯನ್ನು ಎತ್ತಿಕೊಂಡು ತಾರಸಿಗೆ ಹೋದ. ಸ್ಕ್ರೂಗಳನ್ನು ಬಿಚ್ಚಿ, ಒಳಗಿನ ಯಂತ್ರವನ್ನು ತೆಗೆದು, ಶೀತವಾದೀತೆಂಬಂತೆ ಟವೆಲಿನಲ್ಲಿ ಸುತ್ತಿ ನೆರಳಿನಲ್ಲಿಟ್ಟ. ಖಾಲಿ ಕವಚವನ್ನು ಸ್ಟೂಲಿನ ಮೇಲೆ ಕೂರಿಸಿ, ಅಭ್ಯಾಸಬಲದಿಂದ ಅದರ ಸುತ್ತ ಸಲೂನಿನ ಬಟ್ಟೆ ಹೊದಿಸಿದ. ಬ್ರಶ್ಶಿನಿಂದ ಕ್ರೀಮ್ ಹಚ್ಚುತ್ತ, ಹವಾ ಹೇಗಿದೆ, ಊರಲ್ಲೇನು ಸಮಾಚಾರ ಎಂದು ಅದನ್ನೇ ಮಾತಾಡಿಸಿದ. ಜನ್ಮದಲ್ಲಿ ಇಷ್ಟು ಸುಮ್ಮನೆ ಕುಳಿತ ಗಿರಾಕಿ ಅವನಿಗೆ ಸಿಕ್ಕಿರಲಿಲ್ಲ.

ಎಡವಟ್ಟಾದದ್ದು ಮುಂದಿನ ಹೆಜ್ಜೆಯಲ್ಲಿ. ಕ್ರೀಮ್ ಹಚ್ಚಿದ ಮೇಲೆ ಒಣಗದಂತೆ ಏನನ್ನಾದರೂ ಸುತ್ತಬೇಕು. ತಲೆಗಾದರೆ ಅವನು ಏನು ಸುತ್ತುತ್ತಾನೆ? ಊಟ ಕಟ್ಟುವ ಬೆಳ್ಳಿ ಬಣ್ಣದ ಫಾಯಿಲ್. ಇದಕ್ಕೂ ಅದನ್ನೇ, ಪಟ್ಟಿಪಟ್ಟಿಯಾಗಿ ಕತ್ತರಿಸಿ, ನೀಟಾಗಿ ಮಡಚಿ ಸುತ್ತಿ, ಕೊಳ್ಳಿಯಂಥ ಬಿಸಿಲಿನಲ್ಲಿಟ್ಟು ಕೆಳಗೆ ಹೋಗಿ ಉಂಡು ಮಲಗಿದ. ಪ್ಲಾಸ್ಟಿಕ್ ಬೆಳ್ಳಗಾಗುವುದು ಬಿಸಿಲು ತಾಗಿದರೆ ಮಾತ್ರ, ಅದಕ್ಕೇ ಗಾಜಿನಂಥ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಬೇಕು ಎಂದು ಆ ವಿಡಿಯೋದವನು ಬಾಯಿ ಬಡಿದುಕೊಂಡು ಹೇಳಿದ್ದ. ಹೇಳಿದ್ದು ಇವನ ಜೇಬಿನೊಳಗೆ.

ಎದ್ದು ಬಂದು ಫಾಯಿಲ್ ಬಿಚ್ಚಿದವನು "ಅಯ್ಯೋ ದೇವ್ರೇ" ಎಂದು ಅಲ್ಲೇ ಕುಕ್ಕರಿಸಿದ. ಫಾಯಿಲ್ ಮುಚ್ಚಿದ ಕಡೆ ಹಳದಿ ಹಾಗೇ ಇತ್ತು. ಪಟ್ಟಿ ಪಟ್ಟಿಯ ನಡುವೆ ಸಂದು ಬಿಟ್ಟಲ್ಲೆಲ್ಲ ಬಿಸಿಲು ತಾಗಿ ಬೆಳ್ಳಗೆ ಗೆರೆ ಎದ್ದಿತ್ತು. ಡಬ್ಬಿಗೆ ಹುಲಿಯ ವೇಷ ಹಾಕಿದಂತಿತ್ತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡುವುದು ಅಂದರೆ ಇದೇ.

ಬುದ್ಧಿಯಿದ್ದವನು ಅಲ್ಲಿಗೆ ನಿಲ್ಲಿಸುತ್ತಿದ್ದ. ಇವನು ಎರಡು ಹೆಜ್ಜೆ ಹಿಂದೆ ಸರಿದ, ಕತ್ತು ವಾಲಿಸಿದ, ಕಣ್ಣು ಕಿರಿದು ಮಾಡಿದ. ಇನ್ನೊಂಚೂರು ಹಚ್ಚಿದ. ಈ ಸಲ ಏನನ್ನೂ ಸುತ್ತಲಿಲ್ಲ, ಕ್ರೀಮ್ ಒಣಗಿ ಗೆರೆಗಳ ಮೇಲೆ ಸುಣ್ಣದ ಕಲೆಗಳು ಬಂದವು. ಆಗ ಅವನಿಗೆ ನಿಜಕ್ಕೂ ಭಯ ಹತ್ತಿತು. ಭಯ ಹತ್ತಿದವನ ಕೈ ತನಗೆ ಗೊತ್ತಿರುವ ಕೆಲಸವನ್ನೇ ಮಾಡುತ್ತದೆ. ಕೂದಲು ಬೆಳ್ಳಗಾಗಿ ಕೈಕೊಟ್ಟರೆ ಬೀದಿಯವರಿಗೆಲ್ಲ ಏನು ಮಾಡುತ್ತಾನೋ ಅದನ್ನೇ ಮಾಡಿದ, ಕಪ್ಪು ಡೈ ಕಲಸಿದ. ಆ ಡೈ ಅವನ ಅಂಗೈಗೆ ಹಿಡಿಯಿತು, ಲುಂಗಿಗೆ ಹಿಡಿಯಿತು, ತಾರಸಿಯ ನೆಲಕ್ಕೆ ಹಿಡಿಯಿತು. ಪ್ಲಾಸ್ಟಿಕ್ಕಿಗೆ ಮಾತ್ರ ಹಿಡಿಯಲಿಲ್ಲ. ತೊಳೆದಾಗ ಗಾಳಿ ಕಿಂಡಿಗಳ ಸಂದಿಯಲ್ಲಷ್ಟೇ ಒಂದಿಷ್ಟು ಕಪ್ಪು ಉಳಿಯಿತು, ಉಗುರಿನ ಕೊಳೆಯ ಹಾಗೆ.

ಕೆಳಗೆ ಬಾಗಿಲು ತೆರೆದ ಸದ್ದಾಯಿತು. ಟಿವಿ ಕೆಳಗೆ ಖಾಲಿ ಜಾಗ ಕಂಡ ಹೆಂಡತಿ ಸೀದಾ ತಾರಸಿಗೆ ಬಂದಳು. ಗಂಡನ ಕೈ ನೋಡಿದಳು, ನೆಲ ನೋಡಿದಳು, ಸಲೂನಿನ ಬಟ್ಟೆ ಹೊದ್ದು ಕುಳಿತಿದ್ದ ಡಬ್ಬಿಯನ್ನು ನೋಡಿದಳು.

"ನಾನು ಏನಂದಿದ್ದೆ ರೀ?"

"ಅದರ ಪಾಡಿಗೆ ಅದಿರ್ಲಿ ಅಂದಿದ್ದೆ."

"ಮತ್ತೆ?"

"ಅಲ್ಲ ಕಣೇ, ಅದಕ್ಕೆ ಏನ್ ಒಪ್ಪುತ್ತೆ ಅಂತ ನಿನಗೆ..." ಎಂದು ಶುರುಮಾಡಿದವನು ಆಕೆಯ ಮುಖ ನೋಡಿ ಬಾಯಿ ಮುಚ್ಚಿದ.

ಆಕೆ ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. "ದಿನಾ ನನ್ ಬಸ್ಸಲ್ಲಿ ಜನ ಬೆಲ್ ಒತ್ತುತ್ತಾರೆ," ಎಂದಳು. "ಒತ್ತಿದ ಕಡೆ ನಿಲ್ಲಿಸ್ತೀನಿ. ಇನ್ನೊಂಚೂರು ಮುಂದೆ ಇದಕ್ಕಿಂತ ಒಳ್ಳೆ ಸ್ಟಾಪ್ ಇದೆ, ಬನ್ನಿ ಅಂತ ಎಳ್ಕೊಂಡು ಹೋಗ್ತೀನಾ? ನಿಮ್ ಕೈ ಕೆಟ್ಟದ್ದು ಅಂತ ನಾನು ಯಾವತ್ತಾದ್ರೂ ಅಂದಿದೀನಾ? ಕೈ ಒಳ್ಳೇದೇ. ನಿಮಗೆ ಕಿವಿ ಇಲ್ಲ ರೀ. ಅದಕ್ಕೇ ನಾನು ರಸ್ತೆ ದಾಟೋದು."

ಇನ್ನೊಂಚೂರು ಡಬ್ಬಿಯ ಮೇಲಿದ್ದ ಸಲೂನಿನ ಬಟ್ಟೆಯನ್ನು ತೆಗೆದ. ಮೇಷ್ಟ್ರು ಇಷ್ಟು ವರ್ಷ ಆಡಿದ್ದೆಲ್ಲ ಸೇರಿದರೂ ಈ ಮಾತಿನಷ್ಟು ನೋವಾಗಿರಲಿಲ್ಲ. ನೋವಾದದ್ದು ಅದು ನಿಜವಾದ್ದರಿಂದ.

ಇಬ್ಬರೂ ಕೂತು ಯಂತ್ರವನ್ನು ಮತ್ತೆ ಕವಚದೊಳಗೆ ಸೇರಿಸಿದರು. ಒಂದು ಸ್ಕ್ರೂ ಉಳಿಯಿತು, ಎಲ್ಲಿಯದೆಂದು ಇಬ್ಬರಿಗೂ ಗೊತ್ತಾಗಲಿಲ್ಲ. ಡಬ್ಬಿಯೇನೋ ಚಾಲೂ ಆಯಿತು. ಆಕೆ ಯೂನಿಫಾರ್ಮಿನಲ್ಲೇ ಕುಳಿತು ಕಾರು ಓಡಿಸಿದಳು.

"ಸರಿಯಾದ ಪ್ಲಾಸ್ಟಿಕ್ ಸುತ್ತಿ ಇನ್ನೊಂದ್ಸಲ ಮಾಡಿದ್ರೆ..." ಎಂದು ಅವನು ಮೆಲ್ಲಗೆ ಮಾತು ತೆಗೆದ. ಆಕೆ ಟಿವಿಯಿಂದ ಕಣ್ಣು ತೆಗೆಯದೆ "ಬೇಡ" ಎಂದಳು.

ಅಲ್ಲಿಂದ ಶುರುವಾಯಿತು ನೋಡಿ ಅವನ ವನವಾಸ. ದಿನಾ ಸಂಜೆ ಆ ಹುಲಿಪಟ್ಟೆಯ ಡಬ್ಬಿ ಕಣ್ಣೆದುರೇ. ಅರ್ಧ ಕ್ರೀಮ್ ಶೆಲ್ಫಿನಲ್ಲೇ ಮಿಕ್ಕಿತ್ತು. ಈ ಸಲ ವಿಡಿಯೋವನ್ನು ಕೊನೆಯವರೆಗೂ ನೋಡಿದ್ದ, ಒಂದಲ್ಲ, ಹತ್ತಾರು ಸಲ. ಗೆರೆಗಳು ಹೋಗುವ ದಾರಿ ಅವನಿಗೆ ಈಗ ಪಕ್ಕಾ ಗೊತ್ತಿತ್ತು. ಹೆಂಡತಿ ಪಾಳಿಗೆ ಹೋದ ಮೇಲೆ ಎಷ್ಟೋ ರಜೆಯ ದಿನ ಡಬ್ಬಿಯ ಮುಂದೆ ಕುಳಿತು, ತುರಿಸುವ ಕೈಗಳನ್ನು ತೊಡೆಯಡಿ ಇಟ್ಟುಕೊಂಡ. ಬೆರಳಿನಿಂದ ಒಂದು ಗೆರೆ ಸವರುವುದು, 'ಬೇಡ ಅಂದಿದಾಳೆ' ಎಂದು ತನಗೇ ಹೇಳಿಕೊಂಡು ಏಳುವುದು. ಅವನಷ್ಟು ಕಷ್ಟದ ಕೆಲಸವನ್ನು ಆ ಬೀದಿಯಲ್ಲಿ ಯಾರೂ ಮಾಡುತ್ತಿರಲಿಲ್ಲ. ಅಂಗೈಯ ಕಪ್ಪು ಮಾಸಿತು, ಡಬ್ಬಿಯ ಪಟ್ಟೆ ಹಾಗೇ ಉಳಿಯಿತು. ಆಕೆ ದಿನಾ ಆಟಕ್ಕೆ ಕೂರುವ ಮುನ್ನ ಡಬ್ಬಿಯ ಗೆರೆಗಳನ್ನೊಮ್ಮೆ ನೋಡುತ್ತಿದ್ದಳು.

ಒಂದು ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ, ಮೇಷ್ಟ್ರು ಪೇಪರಿನ ಕೊನೆಯ ಪುಟದಲ್ಲಿದ್ದಾಗ, ಆಕೆ ಒಳಗೆ ಬಂದಳು. ಕೈಚೀಲವನ್ನು ಕನ್ನಡಿಯ ಕೆಳಗಿಟ್ಟು ಕುರ್ಚಿಯಲ್ಲಿ ಕುಳಿತಳು.

"ಒಂದು ಬೆರಳಗಲ. ಬಣ್ಣ ಗಿಣ್ಣ ಬೇಡ."

ಇನ್ನೊಂಚೂರು ಕೈ ತೊಳೆದು ಬಂದ. ಬಟ್ಟೆ ಹೊದಿಸಿದ, ನೀರು ಚಿಮುಕಿಸಿದ, ಬಾಚಿದ. ಬಿಳಿ ಕಪ್ಪು ಬೆರೆತ ಆ ಕೂದಲನ್ನು ಮೊದಲ ಸಲ ಕೈಯಲ್ಲಿ ಹಿಡಿದಾಗ ಅವನ ಕಣ್ಣು ಒದ್ದೆಯಾಯಿತು. ಬೆರಳಿಟ್ಟು ಅಳೆದು, ಬೆರಳಗಲವನ್ನೇ ಕತ್ತರಿಸಿದ. ಆಮೇಲೆ ಕಾಲುಗಳು ತಾವಾಗಿಯೇ ಎರಡು ಹೆಜ್ಜೆ ಹಿಂದೆ ಹೋದವು. ಕತ್ತು ವಾಲಿತು, ಕಣ್ಣು ಕಿರಿದಾಯಿತು. ಮೇಷ್ಟ್ರು ಪೇಪರ್ ಕೆಳಗಿಳಿಸಿ ನೋಡಿದರು. ಮಾತು ಗಂಟಲವರೆಗೆ ಬಂತು. ಇನ್ನೊಂಚೂರು ಅದನ್ನು ಕಹಿಗುಳಿಗೆಯಂತೆ ನುಂಗಿ, ಬಟ್ಟೆ ಕೊಡವಿ, "ಆಯ್ತು" ಎಂದ.

ಆಕೆ ಕನ್ನಡಿಯಲ್ಲಿ ನೋಡಿಕೊಂಡಳು. ಆ ಕಡೆ ತಿರುಗಿದಳು, ಈ ಕಡೆ ತಿರುಗಿದಳು.

"ಇನ್ನೊಂಚೂರು ತೆಗೀರಿ," ಎಂದಳು.

ಅವನು ಮತ್ತೆ ಬಟ್ಟೆ ಹೊದಿಸಿ ಕತ್ತರಿ ಎತ್ತಿಕೊಂಡ. ಎತ್ತಿದ ಕೈ ಹಾಗೇ ನಿಂತಿತು. ಆ ಅಂಗಡಿ ತೆರೆದಾಗಿನಿಂದ ಯಾರನ್ನೂ ಕೇಳದಿದ್ದ ಮಾತೊಂದನ್ನು ಕನ್ನಡಿಯಲ್ಲಿದ್ದ ಹೆಂಡತಿಯನ್ನು ಕೇಳಿದ.

"ಎಷ್ಟು?"