ವೇಳೆ ತಪ್ಪಿದ ಗಂಟೆ

೧೯೧೧ರ ಜುಲೈ ಹನ್ನೊಂದು, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಬ್ರದರ್ ವಾಲ್‌ಫ್ರುವಾ ಕೆರೆ ಏರಿಯ ಬುಡದಲ್ಲಿ ಮಂಡಿಯೂರಿ, ಒಸರುವ ನೀರನ್ನು ಗಾಜಿನ ಲೋಟಕ್ಕೆ ಹಿಡಿಯುತ್ತಿದ್ದ. ಲೋಟವನ್ನು ಬಿಸಿಲಿಗೆ ಎತ್ತಿದ. ನೀರು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು.

ಮಣ್ಣಿನ ಏರಿ ಒಸರುವುದು ಸಹಜ. ಒಸರು ತಿಳಿಯಾಗಿರುವವರೆಗೆ ಭಯವಿಲ್ಲ. ಕದಡಿತೆಂದರೆ ನೀರು ಏರಿಯೊಳಗಿನ ಮಣ್ಣನ್ನೇ ಹೊತ್ತು ತರುತ್ತಿದೆ ಎಂದರ್ಥ. ಮೇಲೆ ಹುಲ್ಲು ಹಸಿರಾಗಿಯೇ ಇರುತ್ತದೆ, ಒಳಗೆ ಪೊಳ್ಳಾಗುತ್ತಿರುತ್ತದೆ.

ನಮ್ಮ ನುವಾರ್‌ವಾಲ್ ಕಣಿವೆಗೆ ಬಂದ ಮೊದಲ ಟ್ರ್ಯಾಪಿಸ್ಟ್ ಪಂಥದ ಕ್ರೈಸ್ತ ಸನ್ಯಾಸಿಗಳು ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ ಏರಿ ಅದು. ಮೀನು, ಗಿರಣಿ, ಬಿಯರ್ ಎಲ್ಲಕ್ಕೂ ಅದೇ ಕೆರೆ. ಏರಿ ಕಾಯುವುದು ವಾಲ್‌ಫ್ರುವಾನ ಕೆಲಸ. ಹಿಂದಿನ ವರ್ಷ ಅವನು ಸುಮ್ಮನೆ ಹೆದರಿ, ಸುರಿವ ಮಳೆಯಲ್ಲಿ ಎಲ್ಲರನ್ನೂ ಗುಡ್ಡ ಹತ್ತಿಸಿದ್ದ. ಏರಿ ಅಲುಗಲಿಲ್ಲ. ಮುದಿ ಸನ್ಯಾಸಿಯೊಬ್ಬರು ಜ್ವರ ಹಿಡಿದು ತೀರಿಕೊಂಡರು.

"ಸಾಕು ಬ್ರದರ್," ಎಂದಿದ್ದರು ಮಠದ ಹಿರಿಯ ಫಾದರ್ ಗೊಂಟ್ರಾನ್. "ಇನ್ಮೇಲೆ ಏರಿ ವಿಷಯ ಬಾಯಿ ಬಿಡಬೇಡ. ಕೈಸನ್ನೆಯೂ ಬೇಡ. ನಾನೇ ನೋಡ್ಕೋತೀನಿ."

ಮೌನವೇ ನಿಯಮವಾದ ಮಠದಲ್ಲಿ ಅದು ಬೀಗದ ಮೇಲೊಂದು ಬೀಗ.

ಏರಿಯ ಕೆಳಗಿನ ಹುಲ್ಲುಗಾವಲಿನಲ್ಲಿ ಅಂದು ಒಣಹುಲ್ಲು ಒಟ್ಟುತ್ತಿದ್ದರು. ಫಾದರ್ ಗೊಂಟ್ರಾನ್ ಸೇರಿ ಮೂವತ್ತೊಂದು ಮಂದಿ ಸನ್ಯಾಸಿಗಳು, ಜತೆಗೆ ಹಳ್ಳಿಯ ಗಾಡಿಯವ ಫಿರ್ಮೆನ್. ವಾಲ್‌ಫ್ರುವಾ ಓಡುತ್ತ ಗಾಡಿಯ ಪಕ್ಕದಲ್ಲೇ ಹಾದ.

"ಏನ್ ಬ್ರದರ್, ದೆವ್ವ ಅಟ್ಟಿಸ್ಕೊಂಡ್ ಬಂತಾ?" ಫಿರ್ಮೆನ್ ನಕ್ಕ. "ಹೇಳೋ ಹಾಗಿಲ್ವಾ? ಆ ವ್ರತ ನನ್ ಹೆಂಡ್ತಿಗೂ ಒಂಚೂರು ಕೊಡ್ಸಿ ಮಾರಾಯ್ರೆ!"

ವಾಲ್‌ಫ್ರುವಾ ಬಾಯಿ ತೆರೆದ, ಮತ್ತೆ ಮುಚ್ಚಿದ. ಗಂಟೆ ಹೊಡೆದರೆ ಸಾಕು ಎಂದುಕೊಂಡ. ಗಂಟೆ ಕೇಳಿದೊಡನೆ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಗುಡ್ಡದ ಮೇಲಿನ ಚರ್ಚಿಗೆ ನಡೆಯಬೇಕು, ಬರೆಯುವವನು ಅಕ್ಷರವನ್ನು ಅರ್ಧಕ್ಕೇ ನಿಲ್ಲಿಸಿ ಏಳಬೇಕು. ಅದು ಮಠದ ಕಟ್ಟಳೆ. ಮೇಲೆ ಹೋಗಿ ಹಗ್ಗ ಜಗ್ಗಿದ.

ಸಂಜೆಯ ಪ್ರಾರ್ಥನೆಗೆ ಇನ್ನೂ ಬಹಳ ಹೊತ್ತಿತ್ತು. ಆದರೂ ಒಬ್ಬರೂ ತಲೆಯೆತ್ತಿ ಸೂರ್ಯನನ್ನು ನೋಡಲಿಲ್ಲ. ಹುಲ್ಲೆತ್ತುವ ಕವೆಗೋಲುಗಳು ಇದ್ದಲ್ಲೇ ಬಿದ್ದವು. ನಿಲುವಂಗಿಗಳ ಸಾಲು ಗುಡ್ಡ ಹತ್ತಿತು.

"ಹೋಗಿ, ಹೋಗಿ! ಗಂಟೆ ನಿಮ್ಗೆ, ಹುಲ್ಲು ನನ್ಗೆ!" ಎಂದು ಕೂಗಿದ ಫಿರ್ಮೆನ್ ಗಾಡಿ ತುಂಬುತ್ತಲೇ ಇದ್ದ.

ಚರ್ಚಿನ ಬಾಗಿಲಲ್ಲಿ ಫಾದರ್ ಗೊಂಟ್ರಾನರ ಮುಖ ಕೆಂಪಗಾಗಿತ್ತು. "ಯಾರು ಹೇಳಿದ್ರು ಹೊಡಿ ಅಂತ?"

ವಾಲ್‌ಫ್ರುವಾ ಅವರನ್ನು ನೋಡಲಿಲ್ಲ. ಕೆಳಗೆ ಬಯಲಿನಲ್ಲಿ ಇನ್ನೂ ನಿಂತಿದ್ದ ಗಾಡಿಯನ್ನು ನೋಡಿದ. "ಫಿರ್ಮೆನ್!" ಎಂದು ಕಿರುಚಿದ. ಅಷ್ಟರಲ್ಲಿ ಏರಿಯ ನಡುಭಾಗ ಸದ್ದೇ ಇಲ್ಲದೆ ಕುಸಿಯಿತು. ಸದ್ದು ಆಮೇಲೆ ಬಂತು.

ಕೆರೆಯನ್ನು ಮತ್ತೆ ಕಟ್ಟಲಿಲ್ಲ. ಫಾದರ್ ಗೊಂಟ್ರಾನ್ ತಾವು ಹಾಕಿದ ನಿಷೇಧವನ್ನು ಎಲ್ಲರೆದುರು ಹಿಂದಕ್ಕೆ ಪಡೆದರು. ಅನುಮತಿ ಸಿಕ್ಕ ಮೇಲೂ ವಾಲ್‌ಫ್ರುವಾ ಹೆಚ್ಚು ಮಾತಾಡಲಿಲ್ಲ. ಫಿರ್ಮೆನ್‌ನ ಹೆಂಡತಿಗೆ ಸೌದೆ ಒಡೆದುಕೊಟ್ಟು ಬರುತ್ತಿದ್ದ. "ಒಂದೇ ಒಂದ್ ಮಾತು ಸಾಕಿತ್ತಲ್ಲ ಬ್ರದರ್," ಎಂದು ಆಕೆ ಒಮ್ಮೆ ಅಂದಳು. ಅವನು ಕೊಡಲಿ ಕೆಳಗಿಟ್ಟು ನಿಂತ.

ವರ್ಷಗಳ ನಂತರ ಮಠ ನೋಡಲು ಬಂದ ಒಬ್ಬ ಪಾದ್ರಿ ಅವನ ಕೈ ಹಿಡಿದುಕೊಂಡು ಕೇಳಿದರು: "ಅವತ್ತು ಬಯಲಲ್ಲಿದ್ದೋರನ್ನೆಲ್ಲ ಉಳಿಸಿದ್ದು ನೀವೇ ಅಂತಲ್ಲ?"

"ಇದ್ದೋರು ಮೂವತ್ತೆರಡು," ಎಂದ ವಾಲ್‌ಫ್ರುವಾ. "ಉಳಿದೋರು ಮೂವತ್ತೊಂದು."