ಹಾಗಲಕಾಯಿ ಪಲ್ಯದೊಳಗಿನ ಪುಡಿ

ನನ್ನ ಮೊಮ್ಮಗಳು ಐದು ಸಾವಿರ ಮೀಟರ್ ಓಟದಲ್ಲಿ ಮೊದಲು ಬಂದಳು. ಕ್ರೀಡಾ ವಿಜ್ಞಾನದ ಎಂ.ಎಸ್ಸಿ.ಯೂ ಪಾಸಾದಳು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನಾನು ಇದನ್ನು ಬನವಾಸಿ ಬಸ್ಸಿನಲ್ಲಿ ಗುರುತಿಲ್ಲದವರಿಗೂ ಹೇಳಿಬಂದೆ. ಕಂಡಕ್ಟರಿಗೆ ಎರಡು ಸಲ ಹೇಳಿದೆ. ಇವೆರಡನ್ನೂ ನಾನೇ ಕೆಡಿಸುವವಳಿದ್ದೆ ಎಂಬುದನ್ನು ಮಾತ್ರ ಅಲ್ಲಿ ಯಾರಿಗೂ ಹೇಳಲಿಲ್ಲ.

ಓಟಕ್ಕೆ ಒಂದು ತಿಂಗಳಿರುವಾಗ ಅವಳು ಊರಿಗೆ ಬಂದಿದ್ದಳು. ಬೆಳಿಗ್ಗೆ ಶಿರಸಿ ರಸ್ತೆಯಲ್ಲಿ ಓಡಿ ಬರುವುದು, ಕಟ್ಟೆಯ ಮೇಲೆ ಕೂತು ಬೆರಳಿಗೆ ಸೂಜಿ ಚುಚ್ಚುವುದು, ರಕ್ತದ ಹನಿಯನ್ನು ಚಿಕ್ಕ ಯಂತ್ರದ ಪಟ್ಟಿಗೆ ತಾಗಿಸಿ ಅಂಕಿ ಬರೆದಿಡುವುದು. ಏನೆಂದು ಕೇಳಿದರೆ "ಓದಿಂದು ಅಜ್ಜಿ" ಎನ್ನುತ್ತಿದ್ದಳು.

ಅಂಥ ಯಂತ್ರ ನನಗೆ ಹೊಸದಲ್ಲ. ನಮ್ಮ ಯಜಮಾನರು ಸಕ್ಕರೆ ಕಾಯಿಲೆಯಲ್ಲಿ ಬೆರಳು ಚುಚ್ಚಿಕೊಂಡೇ ಹೋದರು. ಓದಿನಲ್ಲಿ ರಕ್ತಕ್ಕೇನು ಕೆಲಸ? ಹುಡುಗಿಗೆ ಅದೇ ಕಾಯಿಲೆ, ನಮ್ಮಿಂದ ಮುಚ್ಚಿಡುತ್ತಿದ್ದಾಳೆ ಎಂದುಕೊಂಡೆ. ಸಂಶಯ ಬಂದರೆ ನಾನು ಕೇಳುವವಳಲ್ಲ, ನೋಡುವವಳು. ಎಷ್ಟು ಸಲ ನೀರು ಕುಡಿದಳು, ಎಷ್ಟು ಸಲ ಹಿತ್ತಲಿಗೆ ಹೋದಳು, ಎಲ್ಲ ನೋಡಿದೆ. ಅನ್ನವನ್ನು ತೂಕ ಮಾಡಿ ಉಣ್ಣುತ್ತಿದ್ದಳು. ಇನ್ನೇನು ಸಾಕ್ಷಿ ಬೇಕು?

ಮೊಣಕಾಲು ನೋವೆಂದು ಮನೆಯಲ್ಲಿ ಸುಳ್ಳು ಹೇಳಿ, ಸಿದ್ದಾಪುರದ ಕಡೆಯ ನಾಟಿ ವೈದ್ಯರಲ್ಲಿಗೆ ಹೋಗಿ ಸಕ್ಕರೆ ಕಾಯಿಲೆಗೆ ಬೇರಿನ ಪುಡಿ ತಂದೆ. ಕಹಿ ಗೊತ್ತಾಗಬಾರದೆಂದು ಹಾಗಲಕಾಯಿ ಪಲ್ಯ ಮಾಡಿ, ಅವಳ ಪಾಲಿನಲ್ಲಿ ಕಲಸಿದೆ. ನಾಲ್ಕು ದಿನವೂ ಅದೇ ಪಲ್ಯ.

"ಅತ್ತಿ, ದಿನಾ ಹಾಗಲಕಾಯಿ ಯಾಕ? ಹಿತ್ತಲದಾಗ ಬದನಿಕಾಯಿ ಬಲಿಯಾಕತ್ತಾವ" ಎಂದಳು ಸೊಸೆ.

"ಸುಮ್ನ ಉಣ್ಣು" ಎಂದೆ.

ಐದನೇ ದಿನ ಮೊಮ್ಮಗಳು ತನ್ನಪ್ಪನಿಗೆ ಹೇಳುತ್ತಿದ್ದುದು ಒಲೆಯ ಮುಂದಿದ್ದ ನನಗೆ ಕೇಳಿಸಿತು. ಗೆದ್ದವರ ಮೂತ್ರ ಪರೀಕ್ಷೆ ಮಾಡುತ್ತಾರಂತೆ, ಬೇಡದ ಔಷಧಿ ಸಿಕ್ಕರೆ ಪದಕ ಕಿತ್ತುಕೊಂಡು ಓಡುವುದನ್ನೇ ನಿಲ್ಲಿಸುತ್ತಾರಂತೆ. ಒಲೆ ಬಿಟ್ಟು ಮೊಮ್ಮಗಳ ಮುಂದೆ ಹೋಗಿ ನಿಂತೆ.

"ಯವ್ವಾ, ನಿನ್ನ ಪಲ್ಯಾದಾಗ ನಾ ಔಷಧ ಹಾಕೇನಿ."

"ಯಾವ ಔಷಧ?"

"ನಿನ್ನ ಸಕ್ಕರಿ ಜಡ್ಡಿಗೆ."

"ನನಗೆಲ್ಲೀ ಸಕ್ಕರಿ ಜಡ್ಡು ಅಜ್ಜಿ? ಜೋರು ಓಡಿದ ಮ್ಯಾಲೆ ರಕ್ತದಾಗ ಏನೇನು ಬದಲಾಗ್ತೈತಿ ಅಂತ ನೋಡೋ ಯಂತ್ರ ಅದು. ಅದರ ಮ್ಯಾಲೇ ನಾ ಪ್ರಬಂಧ ಬರಿಯಾಕತ್ತೇನಿ. ಅದಕ್ಕಂತನ ಅಳದು ತೂಗಿ ಉಣ್ಣತೇನಿ. ಈಗ ನಾಲ್ಕು ದಿನದ ಅಂಕಿ ಯಾವು ನನ್ನವು, ಯಾವು ನಿನ್ನ ಪುಡೀವು?"

ಅವಳು ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ವೈದ್ಯರಿಂದ ಬೇರಿನ ಹೆಸರು ಕೇಳಿಕೊಂಡು ತನ್ನ ಮೇಷ್ಟ್ರಿಗೆ ಫೋನ್ ಮಾಡಿದಳು. ಅವರು ಡಾಕ್ಟರನ್ನು ವಿಚಾರಿಸಿ, ಅದು ನಿಷೇಧದ ಪಟ್ಟಿಯಲ್ಲಿಲ್ಲ, ಆದರೂ ನಿಲ್ಲಿಸು, ಆ ನಾಲ್ಕು ದಿನದ್ದನ್ನು ಬಿಟ್ಟು ಹೊಸದಾಗಿ ಬರೆ ಎಂದರು. ಅವಳು ನಾಲ್ಕು ದಿನ ಹೆಚ್ಚಿಗೆ ಉಳಿದಳು. ಮೇಷ್ಟ್ರ ಮಾತನ್ನು ನಾನು ನಂಬಲಿಲ್ಲ. ಬೇರು ಪಟ್ಟಿಯಲ್ಲಿಲ್ಲದಿದ್ದರೂ ಪುಡಿಯಲ್ಲಿ ವೈದ್ಯರು ಇನ್ನೇನು ಬೆರೆಸಿದ್ದರೋ. ಓಟ ಗೆದ್ದ ಸುದ್ದಿ ಬಂದಾಗ ಎಲ್ಲರೂ ಕುಣಿದರು, ನಾನು ಮೂತ್ರ ಪರೀಕ್ಷೆಯ ಸುದ್ದಿಗೆ ಕಾದೆ.

ಆ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲವೆಂದು ತಿಳಿದದ್ದು ಎಂ.ಎಸ್ಸಿ. ಫಲಿತಾಂಶ ಬಂದ ದಿನವೇ. ಅವತ್ತೇ ನಾನು ಆ ಬನವಾಸಿ ಬಸ್ಸು ಹತ್ತಿ ಪೇಟೆಗೆ ಹೋದದ್ದು.

ಆ ಸಂಜೆ ಅವಳು ಮನೆಗೆ ಬಂದಳು. ನಮ್ಮಲ್ಲಿ ಗಂಡಸರು ಉಂಡ ಮೇಲೆ ನಾನು, ಸೊಸೆ ಕೂರುವುದು. ಅವಳು ನಾನು ಮಾಡಿದ ಅಡುಗೆಯ ಪಾತ್ರೆಗಳನ್ನೆಲ್ಲ ನಡುವೆ ತಂದಿಟ್ಟಳು.

"ಇವತ್ತ ಬಡಿಸೋರು ಯಾರೂ ಇಲ್ಲ, ಎಲ್ಲಾರೂ ಕುಂಡ್ರಿ."

ಕುಳಿತೆವು. ಯಾರೂ ಕೈ ಹಾಕಲಿಲ್ಲ. ಮೊಮ್ಮಗಳು ನನ್ನ ತಟ್ಟೆಗೆ ಅನ್ನ, ಸಾರು, ಪಲ್ಯ ಎಲ್ಲ ಹಾಕಿದಳು.

"ಮೊದ್ಲ ನೀ ಉಣ್ಣಜ್ಜಿ. ನಾವು ನೋಡ್ತೇವಿ."

ಮಗ ನಗು ತಡೆಯಲಾರದೆ ಕೆಮ್ಮಿದ. ನಾನು ಒಂದೊಂದರಲ್ಲೂ ಒಂದೊಂದು ತುತ್ತು ತಿಂದು ತೋರಿಸಿದೆ. ಆಮೇಲೆ ಎಲ್ಲರೂ ಉಂಡರು.