ಸೋಡಾ ನೀರಿಗೆ ಬಿದ್ದ ಅಜ್ಜಿಯ ಚಿತ್ರ

ರಾಯದುರ್ಗದ ನಮ್ಮ ಮಾಳಿಗೆಯ ಮೇಲೆ, ಜೀನ್ಸ್ ಜೇಬಿನ ಬಿಳಿ ಬಟ್ಟೆಗೆ ರಾಸಾಯನಿಕ ಸವರಿ ಬಿಸಿಲಿಗೊಡ್ಡಿ, ತೀರಿಹೋದ ಅಜ್ಜಿಯ ಚಿತ್ರವನ್ನು ಹಳೆಯ ಕಾಲದ ಫೋಟೋ ವಿಧಾನದಲ್ಲಿ ನೀಲಿಯಾಗಿ ಅಚ್ಚು ಮಾಡಿದ್ದೆ. ಮರುದಿನ ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಕ್ಕೆ ಹೊರಡುವ ಅಮ್ಮ ಅದನ್ನು ಒಯ್ಯಬೇಕಿತ್ತು. ರಾಸಾಯನಿಕ ಅಷ್ಟಕ್ಕೇ ಮುಗಿದಿತ್ತು.

ಹೊಸ ಜೀನ್ಸ್ ಒಗೆಯುವ ಅಭ್ಯಾಸದಲ್ಲಿ ಅಮ್ಮ ಅದನ್ನು ವಾಷಿಂಗ್ ಸೋಡಾ ಕಲಸಿದ ನೀರಿಗೆ ಹಾಕಿಬಿಟ್ಟಳು. ಮುಖ ಮಾಸಿ ತಿಳಿಹಳದಿಯಾಯಿತು.

“ಬಣ್ಣ ಬಿಟ್ಟು ಸೀರಿಗೆ ಹತ್ತೀತಂತ ಹಾಕಿದ್ನವ್ವಾ. ನಮ್ಮವ್ವನ್ನ ನಾನೇ ತೊಳದುಬಿಟ್ನಲ್ಲ!” ಎಂದು ಕುಸಿದು ಕೂತಳು.

ಹೀಗೆ ಮಾಸಿದ ಚಿತ್ರ ಚಹಾದಲ್ಲಿ ಕಂದುಬಣ್ಣದಲ್ಲಿ ಮತ್ತೆ ಮೂಡುತ್ತದೆಂದು ಓದಿದ್ದೆ. ಬಟ್ಟೆಯನ್ನು ತೊಳೆದು, ಗಟ್ಟಿ ಚಹಾ ಡಿಕಾಕ್ಷನ್‌ನಲ್ಲಿ ಮುಳುಗಿಸಿದೆ. ಇಬ್ಬರೂ ಪಾತ್ರೆಯ ಮೇಲೆ ಬಗ್ಗಿದೆವು. ಮೊದಲು ಹುಬ್ಬು, ಆಮೇಲೆ ಅಗಲವಾದ ಕುಂಕುಮ ಮೂಡಿತು.

“ಇದ ನೋಡು ನಮ್ಮವ್ವನ ಬಣ್ಣ,” ಎಂದಳು ಅಮ್ಮ. “ನೀ ಯಾಕ ನೀಲಿ ಮಾಡಿದ್ದಿ?”

ಒಣಹಾಕಲು ಬಟ್ಟೆಯನ್ನು ಅವಳ ಕೈಗೇ ಕೊಟ್ಟೆ.